ಖರ್ಜೂರದ ಕದಿರು

ನಮ್ಮ ಅತ್ತಿಗೆಯಷ್ಟು ಕತಾರನ್ನು ತಿಂದು ಮುಗಿಸಿದವರು ಕತಾರಿನಲ್ಲಿ ಹುಟ್ಟಿದವರಲ್ಲೂ ಇರಲಿಕ್ಕಿಲ್ಲ! ಹೀಗೆಂದ ಕೂಡಲೇ ಅವರನ್ನು ಹೊಟ್ಟೆಬಾಕಿ ಎಂದುಕೊಳ್ಳಬೇಡಿ. ಹೊಟ್ಟೆಬಾಕರ ಜೊತೆ ಸಂಸಾರ ಮಾಡಬಹುದು; ಹೊಟ್ಟೆ ತುಂಬಿದ ಮೇಲಾದರೂ ಸುಮ್ಮನಾಗುತ್ತಾರೆ. ಅತ್ತಿಗೆಗೆ ಬೇಕಾದದ್ದು ಊಟವಲ್ಲ, ಕಾಲ. ತಟ್ಟೆಗೆ ಬಿದ್ದದ್ದು ಈ ಊರಿನದ್ದೇ? ಈ ತಿಂಗಳದ್ದೇ? ಎರಡಕ್ಕೂ ಹೌದೆಂದರೆ ಮಾತ್ರ ಅವರ ಬಾಯಿಗೆ. ಇಲ್ಲವಾದರೆ ನಿಮ್ಮ ಬಾಯಿಗೂ ಇಲ್ಲ. ಇಂಥವರ ಜೊತೆ ಒಂದೇ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಬಾಳಿದವಳು ನಾನು. ನನ್ನ ಸಿಟ್ಟು ಹುಟ್ಟುಗುಣ ಎಂದು ನಮ್ಮವರು ಎಲ್ಲರೆದುರು ಹೇಳಿಕೊಂಡು ತಿರುಗುತ್ತಾರೆ. ಶುದ್ಧ ಸುಳ್ಳು. ಮದುವೆಗೆ ಮೊದಲು ನಾನು ಬಹಳ ಒಳ್ಳೆಯ ಹುಡುಗಿಯಾಗಿದ್ದೆ.

ಅತ್ತಿಗೆ ಎಂದರೆ ನನ್ನ ಗಂಡನ ಅಕ್ಕ. ಕುಂದಾಪುರದ ಕಡೆಯವರು. ಮದುವೆಯಾಗಲಿಲ್ಲ. ದೋಹಾದಲ್ಲಿ ಮಸೀದಿಯ ಮಿನಾರಿಗಿಂತ ಎತ್ತರದ ಕಟ್ಟಡ ಹುಡುಕಬೇಕಾಗಿದ್ದ ಕಾಲದಲ್ಲೇ ಆಸ್ಪತ್ರೆಯೊಂದಕ್ಕೆ ನರ್ಸಾಗಿ ಬಂದವರು. ತಮ್ಮನನ್ನು ಕರೆಸಿ ಇಂಡಸ್ಟ್ರಿಯಲ್ ಏರಿಯಾದ ಒಂದು ವರ್ಕ್‌ಶಾಪಿನ ಆಫೀಸಿನಲ್ಲಿ ಕೂರಿಸಿದವರೂ ಅವರೇ. ತೊಂಬತ್ತರ ದಶಕದ ಶುರುವಿನಲ್ಲಿ ಮದುವೆಯಾಗಿ ನಾನು ದೋಹಾಕ್ಕೆ ಬಂದಾಗ, ವಿಮಾನ ನಿಲ್ದಾಣದಿಂದ ಮನೆಗೆ ಹೋಗುವ ದಾರಿಯಲ್ಲೇ ನಮ್ಮವರು ಮೆಲ್ಲಗೆ ಹೇಳಿದರು: "ಅಕ್ಕಂದ್ ಸ್ವಲ್ಪ ಬೇರೆ ಕ್ರಮ. ಅರವತ್ತ್ ಆಪುವರಿಗೆ ಸುಧಾರ್ಸ್ಕೋ ಮಾರಾಯ್ತಿ."

ಅರವತ್ತು ಯಾಕೆಂದರೆ, ಅರವತ್ತಕ್ಕೆ ಅವರ ಕೆಲಸ ಮುಗಿಯುತ್ತದೆ. ಕೆಲಸ ಮುಗಿದರೆ ವೀಸಾ ಮುಗಿಯುತ್ತದೆ. ವೀಸಾ ಮುಗಿದವರು ಎಷ್ಟೇ ವರ್ಷ ಇದ್ದವರಾಗಲಿ, ಎಷ್ಟೇ ದೊಡ್ಡವರಾಗಲಿ, ಪೆಟ್ಟಿಗೆ ಕಟ್ಟಿ ವಿಮಾನ ಹತ್ತಬೇಕು. ಗಲ್ಫಿನಲ್ಲಿ ಇದನ್ನು ಯಾರೂ ಯಾರಿಗೂ ವಿವರಿಸಬೇಕಾಗಿಲ್ಲ. ಒಳ್ಳೆಯದೇ ಆಯಿತೆಂದು ನಾನು ಅವತ್ತಿನಿಂದಲೇ ಅವರ ಅರವತ್ತನ್ನು ಕಾಯತೊಡಗಿದೆ.

ಕಾಯುವುದಕ್ಕೆ ಕಾರಣ ಮೊದಲ ದಿನವೇ ಸಿಕ್ಕಿತ್ತು. ಅಮ್ಮ ಕಟ್ಟಿಕೊಟ್ಟ ಎರಡು ಬ್ಯಾಗು ನನ್ನ ಜೊತೆ ಬಂದಿದ್ದವು. ಕುಚ್ಚಲಕ್ಕಿ, ಮಾವಿನ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಒಣ ಸಿಗಡಿ, ಕೈಯಾರೆ ಹುರಿದು ಪುಡಿ ಮಾಡಿದ ಮೀನಿನ ಮಸಾಲೆ. ಬಾಗಿಲಲ್ಲಿ ಅತ್ತಿಗೆ ನನ್ನ ಮುಖ ನೋಡುವುದಕ್ಕೆ ಮೊದಲು ಬ್ಯಾಗಿನ ಮುಖ ನೋಡಿದರು. ಎರಡನ್ನೂ ಎತ್ತಿಕೊಂಡು ಹೋಗಿ ಅಡುಗೆಮನೆಯ ಅಟ್ಟಕ್ಕೆ ತಳ್ಳಿ ಬಂದರು.

"ಈ ಊರಿನ ಹೊಸ್ತ್ ಉಣ್ದೆ, ಊರಿಂದ ತಂದದ್ದ್ ಬಿಚ್ಚುಕಾಗ ಹೆಣೆ" ಎಂದರು. ಹೆಣೆ ಎಂದರೆ ಹೆಣ್ಣೇ ಎಂದು ಕರೆದದ್ದು. ಅವರು ನನಗಿಟ್ಟ ಹೆಸರು ಅದೊಂದೇ.

ಹೊಸ್ತು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗದ್ದೆಯಲ್ಲಿ ಹೊಸ ಭತ್ತ ಬಂದಾಗ ನಮ್ಮ ಕಡೆ ಒಂದು ಬೆಳಿಗ್ಗೆ ಕದಿರು ಕೊಯ್ದು ತಂದು ಬಾಗಿಲಿಗೆ, ಕಣಜಕ್ಕೆ, ನೇಗಿಲಿಗೆ ಕಟ್ಟುತ್ತಾರೆ. ಆಮೇಲೆ ಮನೆಯವರೆಲ್ಲ ಒಟ್ಟಿಗೆ ಕುಳಿತು ಹೊಸ ಅಕ್ಕಿಯ ಅನ್ನ ಉಣ್ಣುತ್ತಾರೆ. ಅದೇ ಹೊಸ್ತು. ಅತ್ತಿಗೆಯ ತಲೆಯಲ್ಲಿ ಕೂತಿದ್ದ ಸಿದ್ಧಾಂತವೇನೆಂದರೆ, ಯಾವ ನೆಲದ ಹೊಸ್ತು ಉಣ್ಣಲಿಲ್ಲವೋ ಆ ನೆಲದಲ್ಲಿ ನೀನು ಎಷ್ಟು ವರ್ಷ ಇದ್ದರೂ ಬಸ್‌ಸ್ಟ್ಯಾಂಡಿನಲ್ಲಿ ಕೂತ ಹಾಗೆ. ಕತಾರಿನಲ್ಲಿ ಭತ್ತ ಎಲ್ಲಿಂದ ಬರಬೇಕು? ಇದ್ದದ್ದು ಖರ್ಜೂರ. ಸರಿ, ಖರ್ಜೂರವೇ ಭತ್ತ! ವರ್ಷ ವರ್ಷ ಮಾರ್ಕೆಟ್ಟಿಗೆ ಹೊಸ ಹಣ್ಣು ಬಂದ ಕೂಡಲೇ ಮನೆಯಲ್ಲಿ ಹೊಸ್ತು. ಮದುವಣಗಿತ್ತಿಯಾದ ನನಗೆ ಅವತ್ತು ಸಿಕ್ಕಿದ್ದು ಒಂದು ತಟ್ಟೆ ಮೆತ್ತನೆಯ ಹಸಿ ಖರ್ಜೂರ ಮತ್ತು ಕಪ್ಪಗೆ ಒಣಗಿದ ಇಡೀ ನಿಂಬೆಕಾಯಿ ಹಾಕಿ ಬೇಯಿಸಿದ ಮೀನಿನ ಅನ್ನ. ಮಿಡಿ ಉಪ್ಪಿನಕಾಯಿ ಅಟ್ಟದಲ್ಲಿ, ನಾನು ಕೆಳಗೆ. ಆ ಸಂಕಟ ಯಾವ ಹೆಣ್ಣಿಗೂ ಬೇಡ.

ದೋಹಾದಲ್ಲಿದ್ದ ನಮ್ಮೂರ ಜನರೆಲ್ಲ ಇಲ್ಲಿ ಎರಡೇ ಕಾಲ ಎನ್ನುತ್ತಿದ್ದರು, ಸೆಕೆ ಮತ್ತು ಏಸಿ. ಅತ್ತಿಗೆಗೆ ಈ ಮಾತು ಕೇಳಿದರೆ ಪಿತ್ತ ನೆತ್ತಿಗೇರುತ್ತಿತ್ತು. ಆಸ್ಪತ್ರೆಗೆ ಬರುವ ಅರಬ್ ಅಜ್ಜಿಯರ ಕೈ ಹಿಡಿದು ನಾಡಿ ನೋಡುತ್ತಲೇ, ಈಗ ಕಡಲಲ್ಲಿ ಯಾವ ಮೀನು, ಗಾಳಿ ಯಾವ ದಿಕ್ಕಿನದ್ದು ಎಂದು ವಿಚಾರಿಸಿಕೊಂಡು ಬರುತ್ತಿದ್ದರು. ರೋಗಿಯ ಜ್ವರ ಬಿಟ್ಟಿತೋ ಇಲ್ಲವೋ, ನಮ್ಮ ಮನೆಗಂತೂ ಪ್ರತಿ ವಾರ ಹೊಸದೊಂದು ಜ್ವರ ಬರುತ್ತಿತ್ತು.

ನಾನು ಬಂದ ತಿಂಗಳೇ ನೋಡಿ. ಒಂದು ಬೆಳಿಗ್ಗೆ ನೈಟ್ ಡ್ಯೂಟಿ ಮುಗಿಸಿ ಬಂದವರು ಚಪ್ಪಲಿ ಬಿಡುತ್ತ, "ಸುಹೈಲ್ ಬಂದ" ಎಂದರು. ನಮ್ಮವರು ಲುಂಗಿ ಸರಿ ಮಾಡಿಕೊಂಡು ಹಾಲಿಗೆ ಓಡಿದರು. ನಾನು ಚಹಾಕ್ಕೆ ಇನ್ನೊಂದು ಲೋಟ ನೀರು ಸೇರಿಸಿದೆ. ನಮಗೆ ಗೊತ್ತಿದ್ದ ಸುಹೈಲ್ ಎಂದರೆ ಎದುರುಮನೆಯ ಭಟ್ಕಳದವರು, ರಜೆಯಲ್ಲಿ ಊರಿಗೆ ಹೋದವರು. ಅತ್ತಿಗೆ ಹೇಳಿದ ಸುಹೈಲ್ ನಕ್ಷತ್ರ! ಅದು ಮೂಡಿದರೆ ಸೆಕೆ ಇಳಿಯುತ್ತದೆಂದು ಇಲ್ಲಿನ ಹಳಬರ ಲೆಕ್ಕವಂತೆ. ಲೆಕ್ಕ ಅವರದ್ದು, ಶಿಕ್ಷೆ ನಮ್ಮದು. "ಇನ್ನ್ ಸೆಕೆ ಇಲ್ಲೆ" ಎಂದು ಅತ್ತಿಗೆ ಅವತ್ತೇ ಏಸಿ ಆಫ್ ಮಾಡಿದರು. ವಿಷಯ ನಕ್ಷತ್ರಕ್ಕೆ ಗೊತ್ತಾಗಿತ್ತು, ಸೆಕೆಗೆ ಇನ್ನೂ ಯಾರೂ ಹೇಳಿರಲಿಲ್ಲ. ನಾನು ಒದ್ದೆ ಟವೆಲ್ ಹೊದ್ದುಕೊಂಡು ಮಲಗಿ ಆಕಾಶಕ್ಕೂ ಅತ್ತಿಗೆಗೂ ಒಟ್ಟಿಗೆ ಶಾಪ ಹಾಕಿದೆ.

ಮೀನಿನ ವಿಷಯಕ್ಕೆ ಬರೋಣ. ಒಮ್ಮೆ ನಮ್ಮವರ ಮ್ಯಾನೇಜರನ್ನು ಊಟಕ್ಕೆ ಕರೆದಿದ್ದೆವು. ಪ್ರಮೋಷನ್ನಿನ ಮಾತು ನಡೆಯುತ್ತಿತ್ತು. ಅಂಜಲ್ ಮೀನನ್ನು ದಪ್ಪ ದಪ್ಪ ತುಂಡು ಮಾಡಿ ಹುರಿಯಬೇಕೆಂದು ನನ್ನ ಆಸೆ. "ಈಗ ಅಂಜಲ್ ಕಾಲ ಅಲ್ಲ. ಅದ್ ಎಲ್ಲಿಂದ್ಲೋ ಐಸಲ್ಲಿ ಬಂದದ್ದ್" ಎಂದು ಅತ್ತಿಗೆ ಮಾರ್ಕೆಟ್ಟಿನಿಂದ ಸಾಫಿ ತಂದರು. ಸಾಫಿ ರುಚಿಯ ಮೀನೇ, ಇಲ್ಲವೆನ್ನುವುದಿಲ್ಲ. ಆದರೆ ದೇವರು ಅದನ್ನು ಮಾಡುವಾಗ ಮುಳ್ಳು ಉಳಿದಿತ್ತೆಂದು ಇದ್ದಬದ್ದದ್ದನ್ನೆಲ್ಲ ಅದರೊಳಗೇ ತುಂಬಿದ್ದಾನೆ. ಮ್ಯಾನೇಜರು ಎರಡನೆಯ ತುತ್ತಿಗೇ ಕಣ್ಣು ಮೇಲೆ ಮಾಡಿದರು. ಅತ್ತಿಗೆ ಗಾಬರಿಯಾಗಲಿಲ್ಲ. ಟಾರ್ಚು, ಚಿಮಟ ತಂದು, ದೊಡ್ಡ ಮನುಷ್ಯನ ತಲೆಯನ್ನು ಕಂಕುಳಲ್ಲಿ ಒತ್ತಿ ಹಿಡಿದು, ಮುಳ್ಳು ಎಳೆದು, ಅದನ್ನು ಅವರ ತಟ್ಟೆಯ ಅಂಚಿನಲ್ಲೇ ಇಟ್ಟರು. "ಉಂಬತ್ತಿಗೆ ಮಾತಾಡ್ರೆ ಹೀಂಗೇ ಆಪುದ್" ಎಂದು ಬೇರೆ ಬೈದರು. ಆ ವರ್ಷ ನಮ್ಮವರಿಗೆ ಪ್ರಮೋಷನ್ ಬರಲಿಲ್ಲ.

ಇನ್ನು ಚಳಿಗಾಲ. ಉಳಿದವರ ಮನೆಗಳಲ್ಲಿ ಶುಕ್ರವಾರವೆಂದರೆ ಬಿರಿಯಾನಿ, ವಿಡಿಯೋ ಕ್ಯಾಸೆಟ್, ನಿದ್ದೆ. ನಮ್ಮಲ್ಲಿ ಒಂದು ಗುಡುಗು ಗುಡುಗಿದರೆ ಆ ಸುಖವೂ ಇಲ್ಲ. "ಗುಡುಗಿದ್ದ್ ಕೇಳಿತಾ ಹೆಣೆ? ಇನ್ನ್ ಕಲ್ಲಣಬೆ ಏಳತ್ತ್" ಎಂದು ಅತ್ತಿಗೆ ಕುಣಿದಾಡುತ್ತಿದ್ದರು. ಊರಿನಲ್ಲಿ ಮೊದಲ ಗುಡುಗಿಗೆ ಮಣ್ಣಿನೊಳಗೆ ಕಲ್ಲಣಬೆ ಏಳುತ್ತದಲ್ಲ, ಇಲ್ಲೂ ಚಳಿಗಾಲದ ಗುಡುಗು ಮಳೆಗೆ ಮರಳಿನಡಿ ಅಂಥದ್ದೇ ಒಂದು ಗಡ್ಡೆ ಏಳುತ್ತದೆ, ಫಗ್ಗ ಎನ್ನುತ್ತಾರೆ. ಎರಡೂ ಗುಡುಗಿಗೇ ಹುಟ್ಟುವುದೆಂದು ಎರಡೂ ಊರಿನ ಅಜ್ಜಿಯರು ಹೇಳುತ್ತಾರೆಂದ ಮೇಲೆ ಅತ್ತಿಗೆಯನ್ನು ಹಿಡಿಯುವವರು ಯಾರು? ಒಂದು ಶುಕ್ರವಾರ ಊರಾಚೆಯ ಅಲ್ ವುಕೈರ್ ದಾಟಿ, ರಸ್ತೆ ಮುಗಿದು, ಕಾರು ಮರಳಿನಲ್ಲಿ ಹೂತು, ನಾವೆಲ್ಲ ತಲೆ ಬಗ್ಗಿಸಿಕೊಂಡು ನೆಲದ ಬಿರುಕು ಹುಡುಕುತ್ತ ನಡೆದೆವು. ನಾನು ಆಗ ಐದು ತಿಂಗಳ ಬಸುರಿ. ಸಂಜೆಯವರೆಗೆ ಹುಡುಕಿ ಸಿಕ್ಕಿದ್ದು ಒಂದೇ ಒಂದು, ನಿಂಬೆಹಣ್ಣಿನಷ್ಟು. ಅದನ್ನು ತೊಳೆದು, ಸಿಪ್ಪೆ ತೆಗೆದು, ಬೇಯಿಸಿ, ನಾಲ್ಕು ಪಾಲು ಮಾಡಿ ಬಡಿಸಿದರು. ಇದ್ದದ್ದು ಮೂರು ಜನ. ನಾಲ್ಕನೆಯ ಪಾಲು ಯಾರದ್ದೆಂದು ಸಿಟ್ಟಿನಿಂದಲೇ ಕೇಳಿದೆ. "ಹೊಟ್ಟೆಯೊಳ್ಗ್ ಇದ್ದದ್ದಕ್ಕೆ. ಅದ್ ಇಲ್ಲೇ ಹುಟ್ಟುದಲ್ದಾ?" ಎಂದರು. ಎರಡೂ ಪಾಲು ನುಂಗಿದೆ.

ಹೀಗೆ ವರ್ಷಗಳು ಹೋದವು. ಮಗಳು ಹುಟ್ಟಿ, ಶಾಲೆಗೆ ಸೇರಿ, ಅರ್ಧ ಇಂಗ್ಲಿಷ್ ಕಲಿತಳು. ಅತ್ತಿಗೆಗೆ ಅರವತ್ತು ಬಂದೇ ಬಂತು. ವೀಸಾ ಜೂನ್ ಮೊದಲ ವಾರಕ್ಕೆ ಖಲಾಸ್. ಆಸ್ಪತ್ರೆಯಲ್ಲಿ ಕೇಕ್ ಕತ್ತರಿಸಿ, ಹೂಗುಚ್ಛ ಕೊಟ್ಟು ಕಳಿಸಿದರು. ಕುಂದಾಪುರದಲ್ಲಿ ಇನ್ನೊಬ್ಬ ತಮ್ಮನ ಮನೆಯಲ್ಲಿ ಅವರಿಗೊಂದು ಕೋಣೆ ತಯಾರಾಯಿತು. ನಾನು ಅಡುಗೆಮನೆಯ ಅಟ್ಟ ಗುಡಿಸಿ, ಇನ್ನು ಎಲ್ಲಿ ಕುಚ್ಚಲಕ್ಕಿ, ಎಲ್ಲಿ ಉಪ್ಪಿನಕಾಯಿ ಎಂದು ಮನಸ್ಸಿನಲ್ಲೇ ಜೋಡಿಸಿಟ್ಟೆ. ಅತ್ತಿಗೆ ಮಾತ್ರ ಪೆಟ್ಟಿಗೆಗೆ ಏನನ್ನೂ ತುಂಬದೆ ಕಿಟಕಿಯಿಂದ ಮನೆ ಮಾಲೀಕರ ಖರ್ಜೂರದ ಮರ, ಅದರಲ್ಲಿ ಇನ್ನೂ ಹಣ್ಣಾಗದ ಗೊನೆ ನೋಡುತ್ತ ಕೂರುತ್ತಿದ್ದರು.

ನಾವಿದ್ದದ್ದು ಒಬ್ಬ ಅರಬರ ವಿಲ್ಲಾದ ಹಿಂಭಾಗದಲ್ಲಿ. ಮಾಲೀಕರನ್ನು ನಾವು ಅರ್ಬಾಬ್ ಎನ್ನುತ್ತಿದ್ದೆವು. ಅವರ ಅಂಗಳದ ಮರವೊಂದು ಗೋಡೆ ದಾಟಿ ನಮ್ಮ ಕಡೆಗೆ ವಾಲಿತ್ತು. ಅತ್ತಿಗೆ ಹೊರಡುವ ವಾರದ ಶುಕ್ರವಾರ, ಬೆಳಕು ಹರಿಯುವ ಹೊತ್ತಿಗೆ, ನನಗೆ ಎಚ್ಚರವಾದದ್ದು ಅಂಗಳದಲ್ಲಿ ನಮ್ಮವರ ದನಿ ಕೇಳಿ.

"ಅಕ್ಕ, ಇದ್ ಕಳ್ತನ ಆತ್ತ್."

"ಕದಿರ್ ಕೊಯ್ವುದ್ ಕಳ್ತನ ಆತ್ತಾ? ಊರಲ್ಲಿ ಯಾರ್ ಗದ್ದೆಯಿಂದ ತಂದ್ರೂ ಯಾರಾರೂ ಕೇಂತ್ರಾ? ಹತ್ತ್ ನೀನ್."

ಓಡಿ ಹೋಗಿ ನೋಡಿದರೆ, ಪೇಂಟಿನವರು ಬಿಟ್ಟುಹೋದ ಏಣಿಯ ತುದಿಯಲ್ಲಿ ನಮ್ಮವರು, ಕೈಯಲ್ಲಿ ನನ್ನ ಮೀನು ಕತ್ತರಿಸುವ ಚೂರಿ! ಕೆಳಗೆ ಅತ್ತಿಗೆ ಸ್ನಾನ ಮಾಡಿ, ಮಡಿಸೀರೆ ಉಟ್ಟು, ಎರಡು ಕೈಯಲ್ಲಿ ಹರಿವಾಣ ಹಿಡಿದು ನಿಂತಿದ್ದಾರೆ. ನಮ್ಮ ಕಡೆ ಕದಿರನ್ನು ಯಾರ ಗದ್ದೆಯಿಂದಲಾದರೂ ಕೊಯ್ದು ತರಬಹುದು, ಗದ್ದೆಯವರು ಏನೂ ಎನ್ನುವುದಿಲ್ಲ, ನಿಜ. ಆದರೆ ಅರ್ಬಾಬರೇನು ಕೋಟೇಶ್ವರದಲ್ಲಿ ಗದ್ದೆ ಮಾಡುವವರೇ? ನಾನು "ಇಳಿಯಿರಿ" ಎಂದು ಕೂಗುವುದಕ್ಕೂ ಗೊನೆ ದಪ್ಪೆಂದು ಬೀಳುವುದಕ್ಕೂ ಗೋಡೆಯಾಚೆಯ ಬಾಗಿಲು ತೆರೆಯುವುದಕ್ಕೂ ಸರಿಹೋಯಿತು.

"ಶಿನು ಹಾದಾ?" ಇದೇನಿದು ಎಂದು ಅರ್ಬಾಬ್ ಗರ್ಜಿಸಿದರು. ನಮ್ಮವರು ಏಣಿಯ ಮೇಲೆಯೇ ಸಲಾಂ ಮಾಡಲು ಹೋಗಿ ಚೂರಿಯನ್ನು ಹಣೆಗೆ ಮುಟ್ಟಿಸಿಕೊಂಡರು. ಅರ್ಬಾಬ್ ಗೊನೆಯನ್ನು ನೋಡಿದರು. ಎಲ್ಲ ಹಸಿರು, ಗೋಲಿಯಷ್ಟು ಗಟ್ಟಿ. ಅವರ ಮುಖ ಕೆಂಪೇರಿತು. ಅರಬಿ ಹಿಂದಿ ಎರಡನ್ನೂ ಕಲಸಿ ಅವರು ಹೇಳಿದ್ದರ ಸಾರ ಇಷ್ಟು: ಈ ಮರ ನನ್ನ ತಂದೆ ನೆಟ್ಟದ್ದು. ಕದಿಯುವ ಕಳ್ಳನೂ ಹಣ್ಣಾಗುವವರೆಗೆ ಕಾಯುತ್ತಾನೆ. ತಿಂಗಳ ಕೊನೆಗೆ ಮನೆ ಖಾಲಿ ಮಾಡಿ. ಯಲ್ಲಾ, ಖಲಾಸ್.

ಮಗಳ ಶಾಲೆ ಹತ್ತಿರ, ಬಾಡಿಗೆ ಕಡಿಮೆ, ಇಂಥ ಮನೆ ಇನ್ನೆಲ್ಲಿ ಸಿಗಬೇಕು? ಇಷ್ಟು ವರ್ಷ ನುಂಗಿಕೊಂಡಿದ್ದ ಸಿಟ್ಟೆಲ್ಲ ಒಮ್ಮೆಲೇ ಬಾಯಿಗೆ ಬಂತು. ಅರ್ಬಾಬರ ಎದುರಿಗೇ ನಾನು ಅತ್ತಿಗೆಯ ಮೇಲೆ ಹರಿಹಾಯ್ದೆ.

"ನಿಮ್ಗ್ ತಲೆ ಸಮ ಇತ್ತಾ ಅತ್ತಿಗೆ? ಹೋಪ್ ಹೊತ್ತಿಗೆ ನಮ್ಮನ್ನೂ ಬೀದಿಗ್ ಹಾಕಿ ಹೋತ್ರಾ? ಒಂದ್ ತಿಂಗಳ್ ಕಾಯುಕೆ ಆಗ್ಲಿಲ್ಯಾ ನಿಮ್ಗೆ?"

ಅತ್ತಿಗೆ ಹರಿವಾಣ ಕೆಳಗಿಳಿಸಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಅರ್ಬಾಬರಿಗೆ ತಮ್ಮ ಆಸ್ಪತ್ರೆಯ ಅರಬಿಯಲ್ಲಿ ಹೇಳಿದರು. "ಅನಾ ರೂಹ್. ವೀಸಾ ಖಲಾಸ್." ನಾನು ಹೋಗುತ್ತೇನೆ, ವೀಸಾ ಮುಗಿಯಿತು. ಆಮೇಲೆ ಗೊನೆಯನ್ನು ತೋರಿಸಿ, ಕೈಯಾಡಿಸಿ, "ರುತಬ್ ಮಾಫಿ" ಎಂದರು. ನನಗೆ ಹಣ್ಣು ಇಲ್ಲ.

ಅರ್ಬಾಬ್ ಎಷ್ಟು ವರ್ಷ ಇದ್ದೆ ಎಂದು ಕೇಳಿದರು. ಅತ್ತಿಗೆ ಉತ್ತರವಾಗಿ ಅವರ ಮನೆಯ ಕಡೆ ಕೈ ತೋರಿಸಿದರು. ಆ ವಿಲ್ಲಾ ಕಟ್ಟುವುದಕ್ಕಿಂತ ಮೊದಲೇ ಬಂದವಳು ಎಂದು. ಹಣ್ಣಾಗುವ ಮೊದಲೇ ಊರು ಬಿಟ್ಟುಹೋಗುವವರನ್ನು ಹೇಗೆ ಬೈಯುವುದೆಂದು ಅರ್ಬಾಬರಿಗೆ ಗೊತ್ತಾಗಲಿಲ್ಲವೋ ಏನೋ. ಬಗ್ಗಿ ಗೊನೆಯನ್ನು ತಾವೇ ಎತ್ತಿ ಹರಿವಾಣದಲ್ಲಿಟ್ಟರು. ಇಟ್ಟವರು ಬಾಕಿ ಸಿಟ್ಟನ್ನು ನಮ್ಮವರ ಮೇಲೆ ತೀರಿಸಿದರು, ಗೊನೆಯನ್ನು ಹೀಗಾ ಕತ್ತರಿಸುವುದು, ಬುಡದಿಂದ ಕತ್ತರಿಸಲು ಯಾರೂ ಕಲಿಸಲಿಲ್ಲವಾ ಎಂದು. ಮನೆ ಖಾಲಿ ಮಾಡುವ ಮಾತನ್ನು ಅವತ್ತೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ.

ಒಳಗೆ ಬಂದು ಅತ್ತಿಗೆ ಗೊನೆಯನ್ನು ಎಳೆ ಎಳೆಯಾಗಿ ಬಿಡಿಸಿ, ಬೋರೆ ಎಲೆ ಸೇರಿಸಿ, ಕದಿರು ಕಟ್ಟತೊಡಗಿದರು. ಬಾಗಿಲಿಗೆ ಒಂದು. ನೇಗಿಲಿಲ್ಲದ್ದಕ್ಕೆ ಕಾರಿನ ಸ್ಟೀರಿಂಗಿಗೆ ಒಂದು. ಕಣಜವಿಲ್ಲದ್ದಕ್ಕೆ ಫ್ರಿಜ್ಜಿಗೆ ಒಂದು. ಗ್ಯಾಸ್ ಸಿಲಿಂಡರಿಗೆ, ಏಸಿಗೆ, ಮಗಳ ಶಾಲೆಯ ಬ್ಯಾಗಿಗೆ. ನಾನು ಮುಖ ಊದಿಸಿಕೊಂಡು ಮೂಲೆಯಲ್ಲಿ ನಿಂತಿದ್ದೆ. ಆದರೆ ಆ ಸಿಟ್ಟು ಯಾರ ಮೇಲೆ ಎಂಬುದು ಅಷ್ಟು ಹೊತ್ತಿಗೆ ನನಗೇ ಕಲಸಿಹೋಗಿತ್ತು. ಇನ್ನೊಂದು ತಿಂಗಳಲ್ಲಿ ಹಣ್ಣಾಗುವ ಮರದ ಮೇಲೆ ಸಿಟ್ಟು. ಕೇಕ್ ಕತ್ತರಿಸಿ ಕಳಿಸಿದವರ ಮೇಲೆ ಸಿಟ್ಟು. ಇಷ್ಟು ವರ್ಷ ಒಂದೂ ಕಾಲ ತಪ್ಪಿಸದೆ ಈ ಊರಿನದ್ದನ್ನು ಉಂಡ ಹೆಂಗಸಿಗೆ ಒಂದು ಹಣ್ಣಿನ ಮಟ್ಟಿಗಾದರೂ ಇರು ಎನ್ನದ ಕಾನೂನಿನ ಮೇಲೆ ಸಿಟ್ಟು. ಯಾವುದಕ್ಕೂ ಎದುರಾಡದೆ ಸಿಲಿಂಡರಿಗೆ ಕದಿರು ಕಟ್ಟುತ್ತ ಕೂತ ಅತ್ತಿಗೆಯ ಮೇಲಂತೂ ಎಲ್ಲಕ್ಕಿಂತ ಹೆಚ್ಚು ಸಿಟ್ಟು.

ಆಮೇಲೆ ಚಾಪೆ ಹಾಸಿ ಎಲ್ಲರನ್ನೂ ಕೂರಿಸಿದರು. ಎಲ್ಲರ ಕೈಗೂ ಒಂದೊಂದು ಹಸಿರು ಕಾಯಿ. ಹೊಸ್ತು ಬಾಯಿಗಿಡುವ ಮುನ್ನ ಕಿರಿಯರು ಹಿರಿಯರಿಗೆ ಹೇಳಬೇಕು, ಹಿರಿಯರು ಹೂಂ ಎಂದ ಮೇಲೆ ತಿನ್ನಬೇಕು, ಅದು ಕ್ರಮ. ಮಗಳು ಮೊದಲು ಎದ್ದಳು. "ಅತ್ತೆ, ನಾನ್ ಹೊಸ್ತ್ ತಿಂತೆ." "ತಿನ್ನ್ ಮಗಾ." ಕಚ್ಚಿದವಳೇ "ಯಕ್" ಎಂದು ಮುಖ ಕಿವುಚಿದಳು. ನಾನು ಕುಳಿತಲ್ಲಿಂದಲೇ, ಗೋಡೆ ನೋಡಿಕೊಂಡು ಹೇಳಿದೆ. "ತಿನ್ನ್ ಹೆಣೆ" ಎಂದರು. ಒಗರಿಗೆ ನಾಲಿಗೆ ಅಂಟಿಹೋಯಿತು. ನಮ್ಮವರು ಹೇಳಿದರು, ತಿಂದರು, ನೀರು ಕುಡಿದರು.

ಉಳಿದದ್ದು ಅತ್ತಿಗೆ. ಅವರು ಮನೆಗೆ ಹಿರಿಯರು. ಪ್ರತಿ ವರ್ಷ ಎಲ್ಲರೂ ತಿಂದ ಮೇಲೆ, ಯಾರಿಗೂ ಏನೂ ಹೇಳದೆ, ಕೊನೆಯಲ್ಲಿ ತಾವೂ ತಿನ್ನುತ್ತಿದ್ದರು. ಈ ಸಲ ಎದ್ದರು. ಮಂಡಿ ಹಿಡಿದುಕೊಂಡು ಮೆಲ್ಲಗೆ ನಡೆದು ಬಂದು ನನ್ನೆದುರು ನಿಂತರು.

"ಇನ್ನ್ ಈ ಮನಿ ಯಜಮಾಂತಿ ನೀನ್" ಎಂದರು. "ನಾನ್ ಹೊಸ್ತ್ ತಿಂತೆ ಹೆಣೆ."

ಆ ಅಡುಗೆಮನೆಗೆ ಯಜಮಾಂತಿ ಆಗುವುದಕ್ಕೆ ನಾನೆಷ್ಟು ವರ್ಷ ಕಾದಿದ್ದೆ! ತಿನ್ನಿ ಎಂದು ಒಂದು ಮಾತು ಹೇಳಿದರೆ ಮುಗಿದಿತ್ತು. ಕಣ್ಣಲ್ಲಿ ನೀರು ಬಂತು, ಅದಕ್ಕೂ ಸಿಟ್ಟು ಬಂತು.

"ಬ್ಯಾಡ" ಎಂದೆ. "ಈಗ ತಿಂಬುದ್ ಬ್ಯಾಡ ಅತ್ತಿಗೆ. ಹಣ್ಣ್ ಆಪುವರಿಗೆ ಇಲ್ಲೇ ಇರಿ."

ಅತ್ತಿಗೆ ಹಸಿರು ಕಾಯಿಯನ್ನು ಅಂಗೈಯಲ್ಲಿಟ್ಟುಕೊಂಡು, ನಾನು ಒಪ್ಪುವುದನ್ನು ಕಾಯುತ್ತ, ಹಾಗೆಯೇ ನಿಂತಿದ್ದರು.